ಬೋಯರ್ ಯುದ್ಧದ ಪದಕಗಳು: ಅಂಚಿನ ಮೇಲಿನ ಹೆಸರು, ಕಡತದೊಳಗಿನ ಸೈನಿಕ

ದಕ್ಷಿಣ ಆಫ್ರಿಕದಲ್ಲಿ 1899ರ ಅಕ್ಟೋಬರ್ 11ರಿಂದ 1902ರ ಮೇ 31ರವರೆಗೆ ಬ್ರಿಟಿಷ್ ಸಾಮ್ರಾಜ್ಯಕ್ಕೂ ಟ್ರಾನ್ಸ್‌ವಾಲ್ ಹಾಗೂ ಆರೆಂಜ್ ಫ್ರೀ ಸ್ಟೇಟ್ ಎಂಬ ಎರಡು ಬೋಯರ್ ಗಣರಾಜ್ಯಗಳಿಗೂ ನಡೆದ ಕಾಳಗವೇ ಎರಡನೆಯ ಬೋಯರ್ ಯುದ್ಧ. ಇದರಲ್ಲಿ ಸೇವೆ ಸಲ್ಲಿಸಿದವರಿಗೆ ನೀಡಿದ ಪದಕಗಳು ಹರಾಜುಗಳಲ್ಲಿ, ಹಳೆಯ ನಾಣ್ಯಗಳ ವ್ಯಾಪಾರಿಗಳ ಬಳಿ ಇಂದಿಗೂ ಕಾಣಸಿಗುತ್ತವೆ. ಪದಕವನ್ನು ಓದುವ ಕ್ರಮ ತಿಳಿದವನಿಗೆ ಅದು ಒಬ್ಬ ಮನುಷ್ಯನ ಸಂಕ್ಷಿಪ್ತ ಚರಿತ್ರೆ. ಆದರೆ ಈ ಮಾತು ಎಲ್ಲ ಪದಕಗಳಿಗೂ ಸಮಾನವಾಗಿ ಅನ್ವಯಿಸುವುದಿಲ್ಲ.

ಮುಖ್ಯವಾದುದು ಕ್ವೀನ್ಸ್ ಸೌತ್ ಆಫ್ರಿಕಾ ಪದಕ. ಶಿಲ್ಪಿ ಡಿ ಸೌಲ್ಸ್ ರೂಪಿಸಿದ ಇದರ ಒಂದು ಮುಖದಲ್ಲಿ ವಿಕ್ಟೋರಿಯಾ ರಾಣಿ, ಇನ್ನೊಂದು ಮುಖದಲ್ಲಿ ಸೈನಿಕರತ್ತ ಹೂಮಾಲೆ ಚಾಚಿದ ಬ್ರಿಟಾನಿಯಾ ದೇವಿ ಇದ್ದಾರೆ. ಯುದ್ಧ ಬೇಗನೆ ಮುಗಿದೀತೆಂಬ ನಂಬಿಕೆಯಿಂದ ಮೊದಲು 1899-1900 ಎಂಬ ಇಸವಿಗಳನ್ನೂ ಅಚ್ಚು ಹಾಕಲಾಗಿತ್ತು. ಯುದ್ಧ ಮುಗಿಯಲಿಲ್ಲ, ಇಸವಿಗಳನ್ನು ಅಳಿಸಬೇಕಾಯಿತು. ಕೆಲವು ಪದಕಗಳಲ್ಲಿ ಆ ಅಂಕಿಗಳ ಮಸುಕು ಗುರುತು ಈಗಲೂ ಕಾಣುತ್ತದೆ. ಸಾಮ್ರಾಜ್ಯದ ಆತುರಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ!

ಪದಕದ ರಿಬ್ಬನ್ನಿನ ಮೇಲೆ ಕೂರಿಸುವ ಲೋಹದ ಕಿರುಪಟ್ಟಿಗಳನ್ನು ಕ್ಲಾಸ್ಪ್ ಎನ್ನುತ್ತಾರೆ. ಇವು ಒಟ್ಟು 26 ಬಗೆ. ನೇಟಾಲ್, ಕೇಪ್ ಕಾಲೊನಿ ಮುಂತಾದವು ಪ್ರಾಂತ್ಯಗಳ ಹೆಸರನ್ನೂ ಲೇಡಿಸ್ಮಿತ್ ರಕ್ಷಣೆಯಂಥವು ನಿರ್ದಿಷ್ಟ ಕಾರ್ಯಾಚರಣೆಗಳನ್ನೂ ಸೂಚಿಸುತ್ತವೆ. ಒಬ್ಬನಿಗೇ ನೇಟಾಲ್ ಮತ್ತು ಕೇಪ್ ಕಾಲೊನಿ ಎರಡನ್ನೂ ಕೊಡುವ ನಿಯಮವಿರಲಿಲ್ಲ. ಎರಡೂ ಒಟ್ಟಿಗಿರುವ ಪದಕವನ್ನು ಕೊಳ್ಳುವವರು ಅನುಮಾನಿಸಲೇಬೇಕು. 1902ರಲ್ಲೂ ರಣಭೂಮಿಯಲ್ಲಿದ್ದು 18 ತಿಂಗಳ ಸೇವೆ ಪೂರೈಸಿದವರಿಗೆ ಏಳನೆಯ ಎಡ್ವರ್ಡ್ ದೊರೆಯ ಚಿತ್ರವಿರುವ ಕಿಂಗ್ಸ್ ಪದಕವೂ ಸಿಕ್ಕಿತು.

ಎಲ್ಲಕ್ಕಿಂತ ಮುಖ್ಯವಾದುದು ಪದಕದ ಅಂಚು. ಅಲ್ಲಿ ಸೈನಿಕನ ಸಂಖ್ಯೆ, ಹುದ್ದೆ, ಹೆಸರು, ರೆಜಿಮೆಂಟುಗಳನ್ನು ಒತ್ತಲಾಗಿದೆ ಅಥವಾ ಕೆತ್ತಲಾಗಿದೆ. ಇದನ್ನು ಲಂಡನ್ನಿನ ಕ್ಯೂ ಪ್ರದೇಶದ ರಾಷ್ಟ್ರೀಯ ಪತ್ರಾಗಾರದಲ್ಲಿರುವ ಡಬ್ಲ್ಯು. ಓ. 100 ಶ್ರೇಣಿಯ ಪದಕಪಟ್ಟಿಗಳೊಡನೆ ತಾಳೆ ನೋಡಬಹುದು. ಹೆಸರು ಸಿಕ್ಕ ಮೇಲೆ ಡಬ್ಲ್ಯು. ಓ. 97 ಶ್ರೇಣಿಯ ಸೇವಾ ದಾಖಲೆಗಳತ್ತ ಹೋಗಬೇಕು. ಹುಟ್ಟಿದ ಊರು, ಸೇರಿದಾಗಿನ ವಯಸ್ಸು, ಹಿಂದಿನ ಕಸುಬು, ಎತ್ತರ, ಕಣ್ಣಿನ ಬಣ್ಣ, ನಡತೆ, ಶಿಕ್ಷೆ, ಕಾಯಿಲೆ ಇವೆಲ್ಲವೂ ಅಲ್ಲಿ ದೊರೆಯುತ್ತವೆ.

ಆದರೆ ಈ ಶ್ರೇಣಿ 1913ರೊಳಗೆ ನಿವೃತ್ತರಾದವರಿಗೆ ಸೀಮಿತ. ಬೋಯರ್ ಯುದ್ಧ ಮುಗಿಸಿ ಮೊದಲ ಮಹಾಯುದ್ಧದಲ್ಲೂ ಕಾದಿದವನ ಕಾಗದಗಳು ಸಾಮಾನ್ಯವಾಗಿ ಆ ಯುದ್ಧದ ಕಡತಗಳೊಡನೆ ಸೇರಿಹೋದವು. 1940ರ ಸೆಪ್ಟೆಂಬರ್‌ನಲ್ಲಿ ಜರ್ಮನ್ ಬಾಂಬು ದಾಳಿಗೆ ಲಂಡನ್ನಿನ ಉಗ್ರಾಣ ಹೊತ್ತಿ ಉರಿದಾಗ ಆ ಕಡತಗಳಲ್ಲಿ ಬಹುಪಾಲು ನಾಶವಾದವು. ಎರಡು ಯುದ್ಧಗಳನ್ನು ಕಂಡವನ ದಾಖಲೆ ಒಂದನ್ನೇ ಕಂಡವನ ದಾಖಲೆಗಿಂತ ಕಡಿಮೆ ಉಳಿದಿರುವುದು ಹೀಗೆ.

ಎದುರಾಳಿಗಳಾದ ಬೋಯರರ ಸ್ಥಿತಿ ಬೇರೆ. ಅವರು ಬಹುತೇಕ ರೈತ ಪಡೆಗಳು; ಕಚೇರಿ, ಕಡತಗಳ ವ್ಯವಸ್ಥೆ ತೆಳುವಾಗಿತ್ತು. ಅವರಿಗೆ ಪದಕ ಏರ್ಪಟ್ಟದ್ದೇ 1920ರ ಡಿಸೆಂಬರ್‌ನಲ್ಲಿ, ಅದೂ ಅರ್ಜಿ ಹಾಕಿದವರಿಗೆ ಮಾತ್ರ. ತಾವು ಯಾವ ಕಮಾಂಡೋದಲ್ಲಿದ್ದೆವು, ಎಲ್ಲಿ ಹೋರಾಡಿದೆವು ಎಂದು ಅವರೇ ತುಂಬಿದ ನಮೂನೆಗಳು ಇಂದು ಸೇವಾ ದಾಖಲೆಯ ಸ್ಥಾನದಲ್ಲಿವೆ. ಸೆರೆ ಸಿಕ್ಕವರ ವಿಷಯದಲ್ಲಿ ಮಾತ್ರ ಬ್ರಿಟಿಷರೇ ಅಚ್ಚುಕಟ್ಟಾಗಿ ಲೆಕ್ಕ ಇಟ್ಟರು. ಸುಮಾರು 9 ಸಾವಿರ ಬೋಯರ್ ಕೈದಿಗಳನ್ನು ಭಾರತಕ್ಕೆ ಸಾಗಿಸಲಾಗಿತ್ತು. ಆಗ ಮದರಾಸು ಪ್ರಾಂತ್ಯದಲ್ಲಿದ್ದ ನಮ್ಮ ಬಳ್ಳಾರಿಯಲ್ಲೂ ಒಂದು ಶಿಬಿರವಿತ್ತು. ಕೈದಿಯ ಸಂಖ್ಯೆ, ವಯಸ್ಸು, ಊರು, ಸೆರೆಯಾದ ಸ್ಥಳ ಇವನ್ನು ದಫ್ತರುಗಳಲ್ಲಿ ಬರೆದಿಡಲಾಗಿದೆ.

ಇನ್ನು ಭಾರತೀಯರು. ಇದು ಬಿಳಿಯರ ನಡುವಿನ ಯುದ್ಧ ಎಂಬ ನೀತಿಯಿಂದಾಗಿ ಭಾರತೀಯ ಸಿಪಾಯಿಗಳನ್ನು ಕಾದಾಡಲು ಕಳುಹಿಸಲಿಲ್ಲ. ಆದರೆ ಭಾರತದಿಂದ ಹೋದ ಬ್ರಿಟಿಷ್ ಪಡೆಗಳ ಜೊತೆ ಡೋಲಿ ಹೊರುವವರು, ನೀರು ಹೊರುವ ಭಿಸ್ತಿಗಳು, ಕುದುರೆ ಸಾಯಿಸರು ಹೋದರು. ಗುಂಡಿನ ಮಳೆ ಅವರನ್ನು ಬೇರೆಯಾಗಿ ಕಾಣಲಿಲ್ಲ, ಪದಕ ಕಂಡಿತು. ಬಿಳಿಯ ಸೈನಿಕನಿಗೆ ಬೆಳ್ಳಿ. ಇವರಿಗೆ ಅದೇ ಅಚ್ಚಿನ ಕಂಚು, ಕ್ಲಾಸ್ಪ್ ಇಲ್ಲದೆ. ಇವರ ಹೆಸರು ಅಂಚಿನಲ್ಲಿ ಸಿಕ್ಕರೂ ಅದರಾಚೆಗೆ ಕರೆದೊಯ್ಯುವ, ಡಬ್ಲ್ಯು. ಓ. 97ರಂಥ ವಿವರವಾದ ಕಡತಗಳ ಸಾಲು ಇಲ್ಲ.

ನೇಟಾಲ್‌ನಲ್ಲೇ ನೆಲೆಸಿದ್ದ ಭಾರತೀಯರಿಂದ ಗಾಂಧೀಜಿ ಕಟ್ಟಿದ ಆಂಬುಲೆನ್ಸ್ ದಳದಲ್ಲಿ ಸುಮಾರು 1,100 ಜನರಿದ್ದರು. ಅವರಲ್ಲಿ ಸುಮಾರು 300 ಮಂದಿ ಸ್ವತಂತ್ರರು, ಉಳಿದವರು ಕರಾರು ಕೂಲಿಗಳು. ಕೊಲೆನ್ಸೊ ಮತ್ತು ಸ್ಪಿಯಾನ್ ಕಾಪ್ ಕದನಗಳಲ್ಲಿ ಇವರು ಗಾಯಾಳುಗಳನ್ನು ಹೊತ್ತು ದಿನಕ್ಕೆ 20ರಿಂದ 25 ಮೈಲಿ ನಡೆದದ್ದುಂಟು. ಸೇನಾಪತಿ ಬುಲರ್ ವರದಿಯಲ್ಲಿ ಮೆಚ್ಚುಗೆ ಸೂಚಿಸಿದರು. ಪದಕ ಬಂದದ್ದು 37 ಮುಂದಾಳುಗಳಿಗೆ. ಗಾಂಧೀಜಿ ತಮ್ಮ ಪದಕವನ್ನು 1906ರ ಜುಲು ದಂಗೆಯ ಪದಕ ಹಾಗೂ ಕೈಸರ್-ಇ-ಹಿಂದ್ ಪದಕದ ಜೊತೆಗೆ 1920ರ ಆಗಸ್ಟ್ 1ರಂದು ವೈಸರಾಯ್ ಚೆಮ್ಸ್‌ಫರ್ಡ್ ಅವರಿಗೆ ಹಿಂತಿರುಗಿಸಿದರು.

ಮುತ್ತಿಗೆಗೆ ಒಳಗಾದ ಲೇಡಿಸ್ಮಿತ್‌ನಲ್ಲಿ ಪರ್ಭುಸಿಂಗ್ ಎಂಬ ಕರಾರು ಕೂಲಿಯ ಕೆಲಸ, ಬೋಯರರ ಫಿರಂಗಿ ಸಿಡಿದ ಹೊಗೆ ಕಂಡೊಡನೆ ಗಂಟೆ ಬಾರಿಸಿ ಊರನ್ನು ಎಚ್ಚರಿಸುವುದು. ವೈಸರಾಯ್ ಕರ್ಜನ್ ಕಡೆಯಿಂದ ಅವನಿಗೆ ಕಾಶ್ಮೀರಿ ನಿಲುವಂಗಿ ಬಂದಿತು. ಅವನ ಹೆಸರು ಉಳಿದದ್ದು ಆ ಕಥೆಯಿಂದ.

ಪದಕ ಸಿಗದ ಉಳಿದ ಕೂಲಿಗಳನ್ನು ಹುಡುಕುವವರು ಸೇನೆಯ ಕಡತಗಳನ್ನು ಬಿಟ್ಟು ಹಡಗುಗಳ ಪಟ್ಟಿಯನ್ನು ತೆರೆಯಬೇಕು. 1860ರಿಂದ 1911ರವರೆಗೆ ಮದರಾಸು, ಕಲ್ಕತ್ತ ಬಂದರುಗಳಿಂದ ನೇಟಾಲ್‌ಗೆ ಹೋದ ಒಂದೂವರೆ ಲಕ್ಷಕ್ಕೂ ಮಿಕ್ಕ ಕೂಲಿಗಳ ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಊರು, ಮೈಮೇಲಿನ ಗುರುತುಗಳನ್ನು ಕ್ರಮಸಂಖ್ಯೆಯೊಡನೆ ಅದರಲ್ಲಿ ದಾಖಲಿಸಲಾಗಿದೆ. ತೋಟದ ಮಾಲಿಕರಿಗೆ ಆ ಲೆಕ್ಕ ಬೇಕಿತ್ತು.