ಪರದೇಶದ ಡಿಕ್ರಿ, ನಮ್ಮ ಕೋರ್ಟು

ಖಾಸಗಿ ಅಂತರರಾಷ್ಟ್ರೀಯ ಕಾನೂನು ಎಂದೊಡನೆ ವಕೀಲಿಕೆಗೆ ಹೊಸದಾಗಿ ಬಂದವರ ಕಣ್ಣಮುಂದೆ ಬರುವುದು ಕಂಪನಿಗಳ ಮಧ್ಯಸ್ಥಿಕೆ, ಸಿಂಗಪುರದ ವಿಚಾರಣೆ, ದೊಡ್ಡ ಫೀಸು. ಕೌಟುಂಬಿಕ ನ್ಯಾಯಾಲಯದ ಪಡಸಾಲೆಯಲ್ಲೇ ತಲೆ ನರೆತ ನನಗೆ ಇದು ಒಪ್ಪಿಗೆಯಾಗದು. ನಮ್ಮಲ್ಲಿ ಈ ಶಾಸ್ತ್ರವನ್ನು ಬೆಳೆಸಿದವರು, ಬಹುಪಾಲು, ಗಂಡ ಬಿಟ್ಟುಹೋದ ಹೆಂಗಸರು.

ಹಳೆಯ ಕಥೆ ಬೇಗ ಮುಗಿಯುತ್ತದೆ. ತನ್ನ ಸೀಮೆ ಬಿಟ್ಟುಹೋದವನ ಮೇಲೆ ಫರೀದಕೋಟೆ ಸಂಸ್ಥಾನದ ಕೋರ್ಟು ಏಕಪಕ್ಷೀಯವಾಗಿ ಕೊಟ್ಟ ಡಿಕ್ರಿ ಹೊರಗೆ ನಡೆಯದು ಎಂದು 1894ರಲ್ಲಿ ಪ್ರಿವಿ ಕೌನ್ಸಿಲ್ ಹೇಳಿತು. ವಿದೇಶಿ ತೀರ್ಪನ್ನು ಒಪ್ಪದಿರಲು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 13ನೇ ಕಲಂ ಆರು ಕಾರಣ ಕೊಟ್ಟಿತು. ಆಗ ಮದರಾಸಿನ ಕೋರ್ಟಿಗೆ ಮೈಸೂರೂ ವಿದೇಶವೇ. ಮೈಸೂರು ಹೈಕೋರ್ಟಿನ ತೀರ್ಪಿನ ಬಲವೆಷ್ಟು ಎಂಬ ವಿಶ್ವನಾಥನ್ ಪ್ರಕರಣ 1962ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಇತ್ಯರ್ಥವಾಗುವ ಹೊತ್ತಿಗೆ ಸಂಸ್ಥಾನವೇ ಇರಲಿಲ್ಲ.

ನಿಜವಾದ ತಿರುವು ಸತ್ಯಾ ಪ್ರಕರಣ. 1955ರಲ್ಲಿ ಜಲಂಧರಿನಲ್ಲಿ ಮದುವೆ. ಗಂಡ ತೇಜಾ ಸಿಂಗ್ ಅಮೆರಿಕಕ್ಕೆ ಹೋದ. ಯೂಟಾದಲ್ಲಿದ್ದವನು ನೆವಾಡಾದ ನಿವಾಸಿ ಎಂದು ಹೇಳಿಕೊಂಡು 1964ರಲ್ಲಿ ಅಲ್ಲಿಂದ ವಿಚ್ಛೇದನ ತಂದ. ಆರು ವಾರದ ವಾಸಕ್ಕೇ ವಿಚ್ಛೇದನ ಸಿಗುತ್ತಿದ್ದ ರಾಜ್ಯ ಅದು. ಜೀವನಾಂಶ ಕೇಳಿದ ಹೆಂಡತಿ ಸತ್ಯಾ ಹೈಕೋರ್ಟಿನಲ್ಲಿ ಸೋತರು. ಅಧಿಕಾರವ್ಯಾಪ್ತಿಯನ್ನೇ ಸುಳ್ಳು ಹೇಳಿ ಗಿಟ್ಟಿಸಿದ ಡಿಕ್ರಿಗೆ ಇಲ್ಲಿ ಬೆಲೆಯಿಲ್ಲ ಎಂದು ಸುಪ್ರೀಂ ಕೋರ್ಟ್ ಹೈಕೋರ್ಟಿನ ತೀರ್ಪನ್ನು ತಿರುಗಿಸಿತು. ಇಂಗ್ಲಿಷ್ ನಿಯಮಗಳನ್ನು ಕಣ್ಣುಮುಚ್ಚಿ ಅನುಸರಿಸುವ ಅಗತ್ಯವಿಲ್ಲ ಎಂದೂ ಹೇಳಿತು. ನಮ್ಮ ಪೀಳಿಗೆ ಈ ತೀರ್ಪನ್ನು ಓದಿಯೇ ದೊಡ್ಡದಾಯಿತು.

ಅದಕ್ಕಿಂತ ಗಟ್ಟಿಯಾದದ್ದು 1991ರ ನರಸಿಂಹ ರಾವ್ ಪ್ರಕರಣ. ತಿರುಪತಿಯಲ್ಲಿ ಮದುವೆ, ಮಿಸೌರಿಯಲ್ಲಿ ವಿಚ್ಛೇದನ. ಗಂಡ ಹಾಜರುಪಡಿಸಿದ್ದು ಡಿಕ್ರಿಯ ಜೆರಾಕ್ಸ್ ಪ್ರತಿ. ಅದು ಸಾಕ್ಷ್ಯವಲ್ಲ ಎಂದು ನ್ಯಾಯಮೂರ್ತಿ ಸಾವಂತ್ ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಅವರು ಅಲ್ಲಿಗೆ ನಿಲ್ಲಿಸಲಿಲ್ಲ. ಯಾವ ಕಾನೂನಿನಡಿ ಮದುವೆಯಾಯಿತೋ ಆ ಕಾನೂನು ಒಪ್ಪುವ ಕೋರ್ಟು, ಆ ಕಾನೂನು ಒಪ್ಪುವ ಕಾರಣ, ಎರಡೂ ಬೇಕು ಎಂದು ನಿಯಮವನ್ನೇ ಕಟ್ಟಿದರು. ಎದುರು ಕಕ್ಷಿ ತಾನಾಗಿ ಹಾಜರಾಗಿ ವಾದಿಸಿದರೆ, ಇಲ್ಲವೇ ಒಪ್ಪಿಕೊಂಡರೆ ವಿನಾಯಿತಿ. ಶಾಸನಸಭೆ ಮಾಡಬೇಕಿದ್ದ ಕೆಲಸ ಅದು.

ಮಕ್ಕಳ ವಿಷಯದಲ್ಲಿ ಇಷ್ಟು ಸ್ಥಿರತೆ ಇಲ್ಲ. 1984ರಲ್ಲಿ ಒಂದು ಮಗುವಿನ ನಂಟು ಇಂಗ್ಲೆಂಡಿನೊಂದಿಗೇ ಹೆಚ್ಚು ಎಂದ ಸುಪ್ರೀಂ ಕೋರ್ಟು, 2017ರ ನಿತ್ಯಾ ಆನಂದ್ ರಾಘವನ್ ಪ್ರಕರಣದಲ್ಲಿ ವಿದೇಶಿ ಆದೇಶ ಪರಿಗಣಿಸಬೇಕಾದ ಅಂಶಗಳಲ್ಲಿ ಒಂದು ಮಾತ್ರ ಎಂದಿತು. ಮಕ್ಕಳ ಅಪಹರಣ ಕುರಿತ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ. ಸೇರಬೇಕೆಂದು 2009ರಲ್ಲೇ ಕಾನೂನು ಆಯೋಗ ಹೇಳಿತ್ತು. ಹೊಡೆತ ತಾಳಲಾರದೆ ಮಗುವಿನೊಂದಿಗೆ ಓಡಿಬಂದ ತಾಯಂದಿರನ್ನು ಕಂಡ ನನಗೆ ಆ ಅವಸರವಿಲ್ಲ.

ವ್ಯಾಪಾರಕ್ಕೆ ಮಾತ್ರ ದಾರಿ ಸಲೀಸು. 1996ರ ಮಧ್ಯಸ್ಥಿಕೆ ಕಾಯಿದೆ ಇದೆ. 2020ರ ಜನವರಿಯಲ್ಲಿ ಸಂಯುಕ್ತ ಅರಬ್ ಎಮಿರೇಟ್ಸ್ ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಕಲಮಿನ ಪಟ್ಟಿಗೆ, ಅಂದರೆ ಡಿಕ್ರಿಗಳು ಇಲ್ಲಿ ನೇರ ಜಾರಿಯಾಗುವ ದೇಶಗಳ ಸಾಲಿಗೆ, ಸೇರಿತು. ದುಬೈ ಬ್ಯಾಂಕಿನ ಹಣದ ಡಿಕ್ರಿ ನೇರ ಇಲ್ಲಿನ ಜಿಲ್ಲಾ ನ್ಯಾಯಾಲಯದಲ್ಲಿ ಅಮಲ್ಜಾರಿಗೆ ಬರಬಹುದು. ಮದುವೆಗೆ ಹಾಗಿಲ್ಲ. ಅನಿವಾಸಿ ಮದುವೆಗಳ ನೋಂದಣಿ ಮಸೂದೆ 2019ರಲ್ಲಿ ರಾಜ್ಯಸಭೆಗೆ ಬಂದದ್ದು ಕಾಯಿದೆಯಾಗಲಿಲ್ಲ. 2024ರಲ್ಲಿ ಕಾನೂನು ಆಯೋಗ ಇಂಥ ಮದುವೆಗಳಿಗೆ ಸಮಗ್ರ ಕಾಯಿದೆ ಬೇಕೆಂದು ಮತ್ತೊಂದು ವರದಿ ಕೊಟ್ಟಿತು.

ಹೊರದೇಶದ ಕೋರ್ಟಿನಿಂದ ಮಗಳ ಹೆಸರಿಗೆ ಸಮನ್ಸ್ ಬಂದರೆ ಅವಸರದಲ್ಲಿ ಉತ್ತರ ಕಳಿಸಬೇಡಿ, ಕಸದ ಬುಟ್ಟಿಗೂ ಹಾಕಬೇಡಿ. ಮೊದಲು ಇಲ್ಲಿನ ವಕೀಲರಿಗೆ ತೋರಿಸಿ.