ಎರಡು ಚಳಿಗಾಲಗಳ ಆಟ

ಪ್ರಾಜೆಕ್ಟ್ ಮೇಲೆ ಲೀಡ್ಸ್‌ನಲ್ಲಿದ್ದ ವರ್ಷ ನಾನು ಹೆಡಿಂಗ್ಲೆಗೆ ಹೋಗಿದ್ದು ದ್ರಾವಿಡ್‌ಗೋಸ್ಕರ. 2002ರಲ್ಲಿ ಅವರು 148 ಹೊಡೆದ ಮೈದಾನವನ್ನ ಒಂದ್ಸಲ ಕಣ್ಣಾರೆ ನೋಡಬೇಕಿತ್ತು, ಅಷ್ಟೇ. ನೋಡಿದೆ, ಫೋಟೋ ತೆಗೆದೆ, ಅಣ್ಣನಿಗೆ ಕಳಿಸಿದೆ. ಆಮೇಲೆ ಗೊತ್ತಾಯ್ತು, ಆ ಕ್ರಿಕೆಟ್ ಮೈದಾನದ ಒಂದು ಸ್ಟ್ಯಾಂಡಿನ ಬೆನ್ನಿಗೇ ಇನ್ನೊಂದು ಮೈದಾನ ಇದೆ ಅಂತ. ಅಲ್ಲಿ ಆಡೋದು ರಗ್ಬಿ ಲೀಗ್.

ಒಂದು ಜುಲೈ ಸಂಜೆ ಆಫೀಸಿನ ಹಿರಿಯರೊಬ್ಬರು ನನ್ನನ್ನ ಆ ಕಡೆಯ ಗೇಟಿಗೆ ಕರ್ಕೊಂಡು ಹೋದರು. ಎಂಟು ಗಂಟೆಯಾದರೂ ಬಿಸಿಲು ಇಳಿದಿರಲಿಲ್ಲ. ಸುತ್ತ ಜನ ಅರ್ಧ ತೋಳಿನ ಅಂಗಿ ಹಾಕ್ಕೊಂಡು ಬಿಯರ್ ಕುಡೀತಾ ಕೂತಿದ್ದರು. ಹಿರಿಯರಿಗೆ ಮಾತ್ರ ಏನೋ ಸಮಾಧಾನ ಇಲ್ಲ. "ಇದು ಚಳಿಗಾಲದ ಆಟ. ಕೆಸರು ಇರಬೇಕು, ಕೈ ಮರಗಟ್ಟಬೇಕು" ಅಂದರು. ಮತ್ತೆ ಬೇಸಿಗೆಗೆ ಯಾಕೆ ಬಂತು ಅಂತ ಕೇಳಿದ್ದಕ್ಕೆ ಒಂದೇ ಪದದ ಉತ್ತರ: "ಟಿವಿ."

ಅದು ಅರ್ಧ ಉತ್ತರ ಅಂತ ನನಗೆ ಅರ್ಥವಾಗೋಕೆ ಸುಮಾರು ಓದಬೇಕಾಯ್ತು.

ಮೊದಲಿಗೆ ಒಂದು ಮಾತು. ನಾವು ಸಾಮಾನ್ಯವಾಗಿ ರಗ್ಬಿ ಅಂತ ಕರೆಯೋದು ರಗ್ಬಿ ಯೂನಿಯನ್. ಅದರಲ್ಲಿ ತಂಡಕ್ಕೆ 15 ಜನ. ಲೀಗ್‌ನಲ್ಲಿ 13. ಎರಡೂ ಬೇರೆಯಾಗಿದ್ದು ನಿಯಮದ ಜಗಳದಿಂದ ಅಲ್ಲ, ಶನಿವಾರದ ಕಾರಣದಿಂದ. ಉತ್ತರ ಇಂಗ್ಲೆಂಡಿನ ಗಿರಣಿ, ಕಲ್ಲಿದ್ದಲು ಗಣಿಗಳಲ್ಲಿ ಶನಿವಾರ ಬೆಳಿಗ್ಗೆಯೂ ಕೆಲಸ. ಆಟಕ್ಕೆ ಹೋದರೆ ಕೂಲಿ ಹೋಯ್ತು. ಆ ನಷ್ಟಕ್ಕೆ ಆರು ಶಿಲ್ಲಿಂಗ್ ಕೊಡೋಣ ಅಂತ ಉತ್ತರದ ಕ್ಲಬ್‌ಗಳು ಕೇಳಿದವು. ಲಂಡನ್ನಿನ ದೊಡ್ಡ ಮನುಷ್ಯರು 1893ರಲ್ಲಿ ಆಗಲ್ಲ ಅಂದರು. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡಿನ ಜಾರ್ಜ್ ಹೋಟೆಲಿನಲ್ಲಿ ಸೇರಿದ ಕ್ಲಬ್‌ಗಳು, ಹಾಗಾದ್ರೆ ನಮ್ಮ ದಾರಿ ನಮಗೆ ಅಂತ ಎದ್ದು ಬಂದವು. ಅಂದ್ರೆ ಈ ಆಟ ಹುಟ್ಟಿದ್ದೇ ಕ್ಯಾಲೆಂಡರ್ ಜಗಳದಲ್ಲಿ: ಆಟಗಾರನ ಶನಿವಾರ ಯಾರದ್ದು?

1908ರ ಹೊತ್ತಿಗೆ ಇದು ಸಿಡ್ನಿಯಲ್ಲೂ ಬೇರು ಬಿಟ್ಟಿತ್ತು. ಆಗ ಯಾರೂ ಕೂತು ಯೋಜನೆ ಮಾಡದೆ ಒಂದು ಸೊಗಸಾದ ವ್ಯವಸ್ಥೆ ತಾನಾಗೇ ಸಿಕ್ಕಿತು. ಎರಡೂ ದೇಶಗಳಲ್ಲಿ ಇದು ಚಳಿಗಾಲದ ಆಟ. ಆದರೆ ಅಲ್ಲಿ ಚಳಿಗಾಲ ಇದ್ದಾಗ ಇಲ್ಲಿ ಬೇಸಿಗೆ. ಹಾಗಾಗಿ ಆಸ್ಟ್ರೇಲಿಯಾದ ಸೀಸನ್ ಸೆಪ್ಟೆಂಬರಿನಲ್ಲಿ ಮುಗಿದ ಕೂಡಲೇ 'ಕಾಂಗರೂ' ತಂಡ ಹಡಗು ಹತ್ತುತ್ತಿತ್ತು, ಬ್ರಿಟನ್ನಿನ ಸೀಸನ್ ನಡುವೆ ಬಂದಿಳಿಯುತ್ತಿತ್ತು. ಬ್ರಿಟನ್ನಿನದು ವಸಂತದಲ್ಲಿ ಮುಗಿದರೆ 'ಲಯನ್ಸ್' ತಂಡ ಆ ಕಡೆಗೆ. ಬರುವವರಿಗೆ ಬಿಡುವು, ಕರೆಯುವವರಿಗೆ ಸೀಸನ್.

ಇದರ ಲಾಭ ಕ್ಲಬ್‌ಗಳಿಗೂ ಇತ್ತು ಅನ್ನೋದು ಮುಖ್ಯ. ಪ್ರವಾಸಿ ತಂಡ ಟೆಸ್ಟ್ ಮಾತ್ರ ಆಡ್ತಿರಲಿಲ್ಲ, ಊರೂರು ತಿರುಗಿ ಕ್ಲಬ್‌ಗಳ ಜೊತೆಗೂ ಆಡ್ತಿತ್ತು. ಗೇಟ್ ಕಲೆಕ್ಷನ್ ಊರಿಗೂ ಬರ್ತಿತ್ತು. ರಾಸಾಯನಿಕ ಕಾರ್ಖಾನೆಗಳ ಊರಾದ ವಿಡ್ನೆಸ್ 1978ರಲ್ಲಿ ಆಸ್ಟ್ರೇಲಿಯಾದ ರಾಷ್ಟ್ರೀಯ ತಂಡವನ್ನೇ 11-10ರಲ್ಲಿ ಸೋಲಿಸಿತು. ನಮ್ಮ ಶಿವಮೊಗ್ಗದ ಒಂದು ಕ್ಲಬ್ಬು ಆಸ್ಟ್ರೇಲಿಯಾ ಕ್ರಿಕೆಟ್ ತಂಡವನ್ನ ಸೋಲಿಸಿದ ಹಾಗೆ ಅಂದುಕೊಳ್ಳಿ.

ಹಾಗಂತ ಹಳೇದೆಲ್ಲ ಚಿನ್ನ ಅಂತಲೂ ನಾನು ಹೇಳಲ್ಲ. 1914ರ ಕಥೆ ಕೇಳಿ. ಲಯನ್ಸ್ ತಂಡ ಸಿಡ್ನಿಯಲ್ಲಿತ್ತು. ಜೂನ್ 27ಕ್ಕೆ ಮೊದಲ ಟೆಸ್ಟ್ ಗೆದ್ದರು, ಒಂದೇ ದಿನ ಬಿಟ್ಟು 29ಕ್ಕೆ ಎರಡನೆಯದು ಸೋತರು. ಸರಣಿ 1-1. ಮೂರನೆಯದು ಮೂಲ ವೇಳಾಪಟ್ಟಿಯಲ್ಲಿ ಇನ್ನೂ ದೂರ ಇತ್ತು. ಆತಿಥೇಯರು ಅದನ್ನ ಎಳೆದು ತಂದು ಜುಲೈ 4ಕ್ಕೆ, ಅದೇ ಸಿಡ್ನಿಗೆ ಹಾಕಿದರು. ಅರ್ಧ ತಂಡ ಗಾಯಗೊಂಡಿದೆ, ಆಗಲ್ಲ ಅಂತ ಮ್ಯಾನೇಜರ್‌ಗಳು ಪ್ರತಿಭಟಿಸಿದರು. ಊರಿನ ಆಡಳಿತದಿಂದ ತಂತಿ ಬಂತು, ಆಡಿ ಅಂತ. ಎಂಟು ದಿನದಲ್ಲಿ ಮೂರು ಟೆಸ್ಟ್!

ಆಗ ಬದಲಿ ಆಟಗಾರರ ನಿಯಮವೇ ಇರಲಿಲ್ಲ. ಫ್ರ್ಯಾಂಕ್ ವಿಲಿಯಮ್ಸ್ ಕಾಲು ಉಳುಕಿ ಹೊರಗೆ. ಡಗ್ಲಸ್ ಕ್ಲಾರ್ಕ್ ಹೆಬ್ಬೆರಳು ಮುರಿದರೂ ಕಟ್ಟಿಕೊಂಡು ಆಡಿದ, ಆಮೇಲೆ ಭುಜದ ಮೂಳೆ ಹೋಯ್ತು. ಬಿಲ್ಲಿ ಹಾಲ್ ತಲೆಗೆ ಪೆಟ್ಟು ಬಿದ್ದು ಹೊರಗೆ. ನಾಯಕ ಹೆರಾಲ್ಡ್ ವ್ಯಾಗ್‌ಸ್ಟಾಫ್ ಉಳಿದ ಹತ್ತೇ ಜನರನ್ನ ಇಟ್ಟುಕೊಂಡು ಹದಿಮೂರು ಜನರನ್ನ ತಡೆದು ನಿಲ್ಲಿಸಿದ. ಕೊನೆಗೆ 14-6, ಬ್ರಿಟನ್‌ಗೆ ಜಯ. ಇಂಗ್ಲೆಂಡಿನವರು ಇದನ್ನ ಇವತ್ತಿಗೂ ಶೌರ್ಯದ ಕಥೆ ಅಂತ ಹೇಳ್ತಾರೆ, 1879ರ ಜುಲು ಯುದ್ಧದ ಒಂದು ಕಾಳಗದ ನೆನಪಲ್ಲಿ 'ರೋರ್ಕ್ಸ್ ಡ್ರಿಫ್ಟ್ ಟೆಸ್ಟ್' ಅಂತ ಹೆಸರಿಟ್ಟಿದ್ದಾರೆ. ನನಗೆ ಮಾತ್ರ ಓದುವಾಗೆಲ್ಲ ಆ ವೇಳಾಪಟ್ಟಿ ಬರೆದವರ ಮೇಲೆ ಸಿಟ್ಟು ಬರುತ್ತೆ. ಡೆಡ್‌ಲೈನ್ ಹಿಂದಕ್ಕೆ ಎಳೆದು, ಟೀಮು ರಾತ್ರಿಯೆಲ್ಲ ಕೂತು ಮುಗಿಸಿದ ಮೇಲೆ 'ಹೀರೋಗಳು' ಅಂತ ಮೇಲ್ ಕಳಿಸೋ ಮ್ಯಾನೇಜರ್ ನಿಮಗೂ ಗೊತ್ತಿರಬೇಕಲ್ಲ.

ಇಷ್ಟಾದರೂ ಪ್ರವಾಸಗಳು ಉಳಿದವು. 1946ರಲ್ಲಿ ಯುದ್ಧ ಮುಗಿದು ಪ್ರಯಾಣಿಕ ಹಡಗೇ ಸಿಗದಿದ್ದಾಗ ಲಯನ್ಸ್ ಹೋಗಿದ್ದು 'ಇಂಡಾಮಿಟಬಲ್' ಅನ್ನೋ ವಿಮಾನವಾಹಕ ಯುದ್ಧನೌಕೆಯಲ್ಲಿ. ಹೋಗಿ, ಆಸ್ಟ್ರೇಲಿಯಾ ವಿರುದ್ಧ ಒಂದೂ ಟೆಸ್ಟ್ ಸೋಲದೆ ಬಂದರು.

ಯುದ್ಧಕ್ಕೂ ಜಗ್ಗದ ವ್ಯವಸ್ಥೆಯನ್ನ ನಿಲ್ಲಿಸಿದ್ದು 1995ರ ಏಪ್ರಿಲ್. ರೂಪರ್ಟ್ ಮರ್ಡೋಕ್‌ಗೆ ಪೇ ಟಿವಿಗೆ ಆಟ ಬೇಕಿತ್ತು. ಬ್ರಿಟನ್ನಿನ ಕ್ಲಬ್‌ಗಳಿಗೆ ಐದು ವರ್ಷಕ್ಕೆ 87 ಮಿಲಿಯನ್ ಪೌಂಡ್ ಬಂತು. ಅದರ ಜೊತೆಗೇ ಬಂದ ಬದಲಾವಣೆ, ಚಳಿಗಾಲ ಬಿಟ್ಟು ಬೇಸಿಗೆಗೆ ಬರೋದು. ಹೊಸ ಸೂಪರ್ ಲೀಗಿನ ಮೊದಲ ಪಂದ್ಯ 1996ರ ಮಾರ್ಚ್ 29ಕ್ಕೆ ಪ್ಯಾರಿಸ್‌ನಲ್ಲಿ ನಡೀತು. ಈಗ ಎರಡೂ ಗೋಳಾರ್ಧಗಳಲ್ಲಿ ಒಂದೇ ಸೀಸನ್. ಕೇಳೋಕೆ ಚೆನ್ನಾಗಿದೆ, ಅಲ್ವಾ? ಕ್ಯಾಲೆಂಡರ್ ಒಂದಾದರೆ ಅಂತರರಾಷ್ಟ್ರೀಯ ಆಟಕ್ಕೆ ಅನುಕೂಲ ಅಂತ ಯಾರಿಗಾದರೂ ಅನಿಸುತ್ತೆ.

ಆಗಿದ್ದು ಉಲ್ಟಾ. ಪ್ರವಾಸಗಳು ಬದುಕಿದ್ದೇ ಆ ಹೊಂದಾಣಿಕೆ ಇಲ್ಲದ ಜಾಗದಲ್ಲಿ. ಈಗ ಒಬ್ಬರಿಗೆ ಬಿಡುವಾದಾಗ ಇನ್ನೊಬ್ಬರಿಗೂ ಬಿಡುವು, ಒಬ್ಬರು ದಣಿದಾಗ ಇನ್ನೊಬ್ಬರೂ ದಣಿದಿರ್ತಾರೆ. ಅಕ್ಟೋಬರ್ ಕೊನೆ, ನವೆಂಬರ್‌ನ ಒಂದಿಷ್ಟು ವಾರ, ಅಷ್ಟೇ ಉಳಿದಿದ್ದು. ಆಗ ವಿಡ್ನೆಸ್‌ನಂಥ ಕ್ಲಬ್‌ನ ಸೀಸನ್ನೂ ಮುಗಿದು ಆಟಗಾರರು ರಜೆಗೆ ಹೋಗಿರ್ತಾರೆ. 1996ರಲ್ಲೇ ಪೆಸಿಫಿಕ್‌ಗೆ ಹೋದ ಬ್ರಿಟಿಷ್ ತಂಡದ ಕೆಲವರನ್ನ ಖರ್ಚು ಉಳಿಸೋಕೆ ಅರ್ಧದಲ್ಲೇ ವಾಪಸ್ ಕಳಿಸಿದರು. 2003ರ ಆಶಸ್ ಸರಣಿ (ಹೌದು, ಇವರಲ್ಲೂ ಆಶಸ್ ಇದೆ) ಮುಗಿದ ಮೇಲೆ ಮುಂದಿನದಕ್ಕೆ 22 ವರ್ಷ ಕಾಯಬೇಕಾಯ್ತು.

ಸೀಸನ್ ನಡುವೆ ಜಾಗ ಮಾಡೋಣ ಅಂದ್ರೆ ಆಸ್ಟ್ರೇಲಿಯಾದಲ್ಲಿ ಆ ಜಾಗ 1980ರಿಂದ ಕ್ವೀನ್ಸ್‌ಲ್ಯಾಂಡ್ ಮತ್ತು ನ್ಯೂ ಸೌತ್ ವೇಲ್ಸ್ ನಡುವಿನ 'ಸ್ಟೇಟ್ ಆಫ್ ಆರಿಜಿನ್'ಗೆ ಹೋಗಿದೆ. ಎರಡು ರಾಜ್ಯಗಳ ಪಂದ್ಯಕ್ಕೆ ಇಡೀ ದೇಶವೇ ಟಿವಿ ಮುಂದೆ ಕೂರುತ್ತೆ. 2018ರ ಜೂನ್‌ನಲ್ಲಿ ಇಂಗ್ಲೆಂಡ್-ನ್ಯೂಜಿಲೆಂಡ್ ಟೆಸ್ಟನ್ನ ಅಮೆರಿಕದ ಡೆನ್ವರ್‌ನಲ್ಲಿ ಇಟ್ಟಾಗ, ಅಷ್ಟು ದೂರ, ಅಷ್ಟು ಎತ್ತರ, ನಮ್ಮ ಆಟಗಾರರ ಗತಿ ಏನು ಅಂತ ಕ್ಲಬ್‌ಗಳು ಗಲಾಟೆ ಮಾಡಿದವು. ಪಂದ್ಯ ನಡೀತು, ಇಂಗ್ಲೆಂಡ್ 36-18ರಲ್ಲಿ ಗೆದ್ದಿತು. ಕ್ಲಬ್‌ಗಳದ್ದು ಬರೀ ಸ್ವಾರ್ಥ ಅಂತ ಹೇಳೋಕೆ ಮನಸ್ಸು ಬರಲ್ಲ. ಸಂಬಳ ಕೊಡೋರು ಅವರು, ಗಾಯವಾದರೆ ನಷ್ಟ ಅವರದ್ದು. ಐಪಿಎಲ್ ನೋಡಿ ಬೆಳೆದ ನಮಗೆ ಈ ಹಗ್ಗಜಗ್ಗಾಟ ಹೊಸದೇನಲ್ಲ.

ನನ್ನ ವಾದಕ್ಕೆ ಅಡ್ಡ ಬರೋದು ಒಂದೇ ದೇಶ, ಟೊಂಗಾ. ಎಲ್ಲರ ಸೀಸನ್ನೂ ಒಟ್ಟಿಗೆ ಮುಗಿಯೋದರಿಂದ ವರ್ಷದ ಕೊನೆಯಲ್ಲಿ ಸಿಡ್ನಿ, ಆಕ್ಲೆಂಡ್ ಕ್ಲಬ್‌ಗಳ ಪೆಸಿಫಿಕ್ ಹುಡುಗರೆಲ್ಲ ಒಟ್ಟಿಗೇ ಸಿಗ್ತಾರೆ. 2017ರ ವಿಶ್ವಕಪ್‌ಗೆ ಮುಂಚೆ ಜೇಸನ್ ತೌಮಲೊಲೊ ನ್ಯೂಜಿಲೆಂಡ್ ಬಿಟ್ಟು ಟೊಂಗಾ ಆಯ್ದುಕೊಂಡ. 2019ರ ನವೆಂಬರ್ 2ರಂದು ಆಕ್ಲೆಂಡಿನಲ್ಲಿ ಟೊಂಗಾ ಆಸ್ಟ್ರೇಲಿಯಾವನ್ನ 16-12ರಲ್ಲಿ ಸೋಲಿಸಿತು. ಸಮೋವಾ 2022ರಲ್ಲಿ ವಿಶ್ವಕಪ್ ಫೈನಲ್‌ಗೇ ಬಂತು. ಹಳೇ ಹಡಗಿನ ಕಾಲದಲ್ಲಿ ಇವರನ್ನ ಯಾರು ಕರೀತಿದ್ದರು?

2025ರಲ್ಲಿ ಕಾಂಗರೂಗಳು ಕೊನೆಗೂ ಇಂಗ್ಲೆಂಡಿಗೆ ಬಂದರು. ಮೂರು ಶನಿವಾರ, ಮೂರು ಟೆಸ್ಟ್, ಮೂರನ್ನೂ ಗೆದ್ದರು, ವಾಪಸ್ ಹೋದರು. ಕ್ಲಬ್ ಪಂದ್ಯ ಒಂದೂ ಇರಲಿಲ್ಲ. ಕೊನೆಯ ಟೆಸ್ಟ್ ಹೆಡಿಂಗ್ಲೆಯಲ್ಲಿ, ನವೆಂಬರ್ 8ರಂದು. ನಾನು ಬೆಂಗಳೂರಿನಲ್ಲಿ ಕೂತು ಫೋನಿನಲ್ಲಿ ಸ್ಕೋರ್ ನೋಡ್ತಿದ್ದೆ. ಹಿರಿಯರು ಸ್ಟ್ಯಾಂಡಿನಿಂದ ಒಂದು ಫೋಟೋ ಕಳಿಸಿದರು. ಕೋಟು, ಮಫ್ಲರ್, ಉಣ್ಣೆಯ ಟೋಪಿ. ಕೆಳಗೆ ಬರೆದಿದ್ದರು: "ಸರಿಯಾದ ಹವಾಮಾನ."