ಪದವಿ ಮುಗಿಸುವಾಗ 'ಭವಿಷ್ಯದ ನನಗೆ' ಪತ್ರ ಬರೆದರೆ ಬರೆದದ್ದೆಲ್ಲ ನಿಜವಾಗುತ್ತದೆಯೇ?

ಕೊನೆಯ ಸೆಮಿಸ್ಟರ್ ಪರೀಕ್ಷೆ ಹತ್ತಿರ ಬಂದಂತೆ ಕಾಲೇಜು ಗ್ರೂಪ್‌ಗಳಲ್ಲಿ ಒಂದು ಫಾರ್ವರ್ಡ್ ತಿರುಗತೊಡಗುತ್ತದೆ. ಅದರ ತಿರುಳು ಇಷ್ಟು: 1953ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಿಂದ ಪದವಿ ಪಡೆದವರಲ್ಲಿ ಶೇ 3ರಷ್ಟು ಮಂದಿ ಮಾತ್ರ ತಮ್ಮ ಗುರಿಗಳನ್ನು ಬರೆದಿಟ್ಟಿದ್ದರು. 20 ವರ್ಷಗಳ ನಂತರ ಅವರ ಆಸ್ತಿ ಉಳಿದ ಶೇ 97ರಷ್ಟು ಮಂದಿಯ ಒಟ್ಟು ಆಸ್ತಿಗಿಂತ ಹೆಚ್ಚಾಗಿತ್ತು. ಆದ್ದರಿಂದ ನೀವೂ ಇಂದೇ ಭವಿಷ್ಯದ ನಿಮಗೆ ಪತ್ರ ಬರೆಯಿರಿ, ಬರೆದದ್ದು ಆಗಿಯೇ ಆಗುತ್ತದೆ.

ಇದರಲ್ಲಿ ಎಷ್ಟು ನಿಜ? ನಾವು ಪರಿಶೀಲಿಸಿದೆವು.

ಆ ಅಧ್ಯಯನ ನಡೆದಿದೆಯೇ?

ಇಲ್ಲ. 1996ರಲ್ಲಿ ಅಮೆರಿಕದ 'ಫಾಸ್ಟ್ ಕಂಪನಿ' ಪತ್ರಿಕೆ ಈ ಕಥೆಯ ಮೂಲ ಹುಡುಕಿತು. ಭಾಷಣಗಳಲ್ಲಿ ಇದನ್ನು ಹೇಳುತ್ತಿದ್ದವರು ಒಬ್ಬರ ಮೇಲೊಬ್ಬರು ಬೆರಳು ತೋರಿಸಿದರೇ ಹೊರತು ಅಧ್ಯಯನ ಯಾರ ಬಳಿಯೂ ಇರಲಿಲ್ಲ. ಅಂಥ ಸಮೀಕ್ಷೆ ನಡೆದ ದಾಖಲೆ ಇಲ್ಲವೆಂದು ಯೇಲ್ ಕೂಡ ಸ್ಪಷ್ಟಪಡಿಸಿದೆ. 'ಹಾರ್ವರ್ಡ್, 1979' ಎಂಬ ಹೆಸರಿನಲ್ಲಿ ಓಡಾಡುವ ಕಥೆಯೂ ಇದೇ ಜಾತಿಯದ್ದು.

ಹಾಗಾದರೆ ಬರೆಯುವುದು ವ್ಯರ್ಥವೇ?

ಅದೂ ಅಲ್ಲ. ನಿಜವಾಗಿ ನಡೆದ ಕೆಲವು ಅಧ್ಯಯನಗಳು ಹೇಳುವುದು ಬೇರೆ.

2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದರಲ್ಲಿ 18ರಿಂದ 68 ವರ್ಷದ 19,000ಕ್ಕೂ ಹೆಚ್ಚು ಜನರಿದ್ದರು. 'ಕಳೆದ 10 ವರ್ಷಗಳಲ್ಲಿ ನಾನು ತುಂಬ ಬದಲಾದೆ, ಆದರೆ ಮುಂದಿನ 10 ವರ್ಷಗಳಲ್ಲಿ ಅಷ್ಟು ಬದಲಾಗುವುದಿಲ್ಲ' ಎಂದು ಎಲ್ಲ ವಯಸ್ಸಿನವರೂ ನಂಬಿದ್ದರು. 21ರಲ್ಲಿ ಬರೆದ ಗುರಿ 31ರ ನಿಮಗೆ ಹೊಂದದೇ ಹೋದರೆ ಅದು ಸೋಲಲ್ಲ. ನೀವು ಬೆಳೆದಿದ್ದೀರಿ ಅಷ್ಟೇ.

2014ರಲ್ಲಿ 'ಸೈಕಲಾಜಿಕಲ್ ಸೈನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ ಕಾಲೇಜು ವಿದ್ಯಾರ್ಥಿಗಳು ಆಗಷ್ಟೇ ಆಡಿದ ಮಾತು, ಕೇಳುತ್ತಿದ್ದ ಹಾಡುಗಳಂಥ ಸಣ್ಣಪುಟ್ಟ ಸಂಗತಿಗಳನ್ನು ಬರೆದಿಟ್ಟರು. 'ಇದನ್ನು ಮತ್ತೆ ಓದಿದರೆ ಏನು ಮಹಾ' ಎಂದುಕೊಂಡಿದ್ದ ಅವರಿಗೆ ಮೂರು ತಿಂಗಳ ನಂತರ ಓದುವಾಗ ನಿರೀಕ್ಷೆಗಿಂತ ಹೆಚ್ಚು ಕುತೂಹಲ, ಖುಷಿ ಸಿಕ್ಕಿತು.

2018ರ ಇನ್ನೊಂದು ಅಧ್ಯಯನದಲ್ಲಿ 20 ವರ್ಷಗಳ ನಂತರದ ತಮಗೆ ಪತ್ರ ಬರೆದವರು, ಮೂರು ತಿಂಗಳ ನಂತರದ ತಮಗೆ ಬರೆದವರಿಗಿಂತ ಮುಂದಿನ ಕೆಲವು ದಿನಗಳಲ್ಲಿ ಹೆಚ್ಚು ವ್ಯಾಯಾಮ ಮಾಡಿದರು. ಲಾಭ ಇದೆ, ಆದರೆ ಅದು ಸಣ್ಣದು. ಕೋಟಿ ಆಸ್ತಿಯ ಮಾತು ಅಲ್ಲಿಲ್ಲ.

ಕಾರವಾರದಲ್ಲೊಬ್ಬ 22ರ ಯುವಕ

1883ರಲ್ಲಿ ರವೀಂದ್ರನಾಥ ಟಾಗೋರರು ಕಾರವಾರಕ್ಕೆ ಬಂದಾಗ ಅವರಿಗೆ 22 ವರ್ಷ. ಅಣ್ಣ ಸತ್ಯೇಂದ್ರನಾಥರು ಆಗ ಇಲ್ಲಿ ಜಿಲ್ಲಾ ನ್ಯಾಯಾಧೀಶರು. ಓದಲು ಇಂಗ್ಲೆಂಡಿಗೆ ಹೋಗಿದ್ದ ರವೀಂದ್ರರು ಪದವಿ ಇಲ್ಲದೆಯೇ ಮರಳಿದ್ದರು. ಇಲ್ಲಿದ್ದಾಗ ಅವರು 'ಪ್ರಕೃತಿರ್ ಪ್ರತಿಶೋಧ್' ನಾಟಕ ಬರೆದರು. ಸುಮಾರು ಮೂರು ದಶಕಗಳ ನಂತರ, 1912ರಲ್ಲಿ ಪ್ರಕಟವಾದ 'ಜೀವನಸ್ಮೃತಿ'ಯಲ್ಲಿ ಕಾಳಿ ನದಿಯ ದೋಣಿ ಪ್ರಯಾಣವನ್ನೂ ಬೆಳದಿಂಗಳನ್ನೂ ನೆನೆದರು. ತಮ್ಮ ಮುಂದಿನ ಬರವಣಿಗೆಗೆಲ್ಲ ಆ ನಾಟಕವೇ ಮುನ್ನುಡಿಯಂತಿತ್ತು ಎಂಬ ಅರ್ಥದ ಮಾತನ್ನೂ ಹೇಳಿದರು. ಇದು ಅರಿವಾದದ್ದು ಹಿಂತಿರುಗಿ ನೋಡಿದಾಗ. ಇಂದು ಕಾರವಾರದ ಕಡಲತೀರಕ್ಕೆ ಅವರದೇ ಹೆಸರಿದೆ.

ಬರೆಯುವುದಾದರೆ ಹೀಗೆ ಬರೆಯಿರಿ

• ದಿನನಿತ್ಯದ್ದನ್ನು ಬರೆಯಿರಿ. ಯಾವ ಬಸ್ಸಿಗೆ ಬರುತ್ತಿದ್ದಿರಿ, ಕ್ಯಾಂಟೀನಿನಲ್ಲಿ ಚಹಾಕ್ಕೆ ಎಷ್ಟು, ಪಕ್ಕದಲ್ಲಿ ಕೂರುತ್ತಿದ್ದವರು ಯಾರು. ಸದಾಶಿವಗಡದ ಕಡೆಯಿಂದ ಕಾರವಾರಕ್ಕೆ ಬರುತ್ತಿದ್ದವರಿಗೆ ಕಾಳಿ ನದಿಯ ಹಳೆಯ ಸೇತುವೆ ನಿತ್ಯದ ದಾರಿ. 2024ರ ಆಗಸ್ಟ್ 7ರಂದು ಅದು ಕುಸಿಯಿತು. ಸದಾ ಇರುತ್ತದೆ ಎಂದುಕೊಂಡದ್ದನ್ನು ನಾವು ಬರೆದಿಡುವುದೇ ಇಲ್ಲ.

• ಗುರಿ ಬರೆದರೆ ಮೊದಲ ಹೆಜ್ಜೆಯನ್ನೂ ಬರೆಯಿರಿ. 'ಒಳ್ಳೆಯ ಕೆಲಸ ಸಿಗಬೇಕು' ಎನ್ನುವುದು ಆಸೆ. 'ಪರೀಕ್ಷೆ ಮುಗಿದ ಸೋಮವಾರ ಬೆಳಿಗ್ಗೆ 10ಕ್ಕೆ ಕೂತು ಬಯೋಡೇಟಾ ತಯಾರಿಸುತ್ತೇನೆ' ಎನ್ನುವುದು ಯೋಜನೆ. ಎಲ್ಲಿ, ಯಾವಾಗ, ಹೇಗೆ ಎಂದು ಮೊದಲೇ ನಿರ್ಧರಿಸಿದರೆ ಕೆಲಸ ಕೈಗೂಡುವ ಸಾಧ್ಯತೆ ಹೆಚ್ಚುತ್ತದೆ ಎಂದು 94 ಅಧ್ಯಯನಗಳನ್ನು ಒಟ್ಟುಗೂಡಿಸಿದ 2006ರ ವಿಶ್ಲೇಷಣೆ ತೋರಿಸಿದೆ.

• ಷರತ್ತು ಹಾಕಬೇಡಿ. '25ರೊಳಗೆ ಸರ್ಕಾರಿ ನೌಕರಿ ಸಿಗದಿದ್ದರೆ ನಾನು ಪ್ರಯೋಜನಕ್ಕಿಲ್ಲ' ಎಂಬ ಸಾಲನ್ನು ಓದುವವರು ನೀವೇ. ಆ ದಿನ ನಿಮ್ಮ ಮನಸ್ಸು ಹೇಗಿರುತ್ತದೋ ಗೊತ್ತಿಲ್ಲ. ಗೆಳೆಯರಿಗೆ ಬರೆಯುವಷ್ಟೇ ಮೃದುವಾಗಿ ಬರೆಯಿರಿ.

• ಪಾಸ್‌ವರ್ಡ್, ಎಟಿಎಂ ಪಿನ್, ಆಧಾರ್ ಸಂಖ್ಯೆ ಬರೆಯಬೇಡಿ. ಪತ್ರ ಯಾರ ಕೈಗಾದರೂ ಸಿಗಬಹುದು.

• ಕಾಗದವಾದರೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ತೆರೆಯುವ ದಿನಾಂಕವನ್ನು ಮೇಲೆ ಬರೆದಿಡಿ. ನಮ್ಮ ಕರಾವಳಿಯ ಮಳೆಗಾಲದ ಥಂಡಿಗೆ ಕಾಗದ ಬೂಸ್ಟು ಹಿಡಿಯುತ್ತದೆ. ಇಮೇಲ್ ಆದರೆ ಕಾಲೇಜು ಕೊಟ್ಟ ವಿಳಾಸ ಬೇಡ, ಓದು ಮುಗಿದ ಮೇಲೆ ಅದು ಬಂದ್ ಆಗಬಹುದು. ಸ್ವಂತ ವಿಳಾಸಕ್ಕೇ ಕಳಿಸಿ.

ಬರೆಯುತ್ತಾ ಕೂತಾಗ ಮುಂದೆ ಏನೂ ಕಾಣದೆ ಮನಸ್ಸು ಕುಗ್ಗಿದರೆ ಪತ್ರ ಅಲ್ಲೇ ಬಿಡಿ. ಮನೆಯವರ ಬಳಿ, ಗೆಳೆಯರ ಬಳಿ ಮಾತಾಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡಬಹುದು.

ತೀರ್ಮಾನ

'ಶೇ 3'ರ ಕಥೆ ಸುಳ್ಳು. ಪತ್ರ ಬರೆದರೆ ಬರೆದದ್ದು ಆಗಿಯೇ ಆಗುತ್ತದೆ ಎನ್ನುವುದಕ್ಕೆ ಆಧಾರವಿಲ್ಲ. ಆದರೆ ಇಂದಿನ ನಿಮ್ಮನ್ನು ನಾಳೆ ನೆನಪಿಸಿಕೊಳ್ಳಲು ಪತ್ರ ಒಳ್ಳೆಯ ದಾರಿ. ಆ ಫಾರ್ವರ್ಡ್ ಮತ್ತೆ ಬಂದರೆ ಮುಂದೆ ಕಳಿಸುವ ಬದಲು ಇದನ್ನು ಕಳಿಸಿ. ಪತ್ರ ಬರೆಯದವರೂ ಚಿಂತಿಸಬೇಕಿಲ್ಲ, ಬರೆಯದ ಶೇ 97 ಮಂದಿ ಹಿಂದುಳಿದರು ಎಂಬುದೂ ಅದೇ ಕಟ್ಟುಕಥೆಯ ಭಾಗ.